ಹಸಿರು ಸರಳು ಮತ್ತು ನಮ್ಮ ಮನೆ

ಗಲ್ಫಿನಿಂದ ರಜೆಗೆ ಬರುವವರ ಪೆಟ್ಟಿಗೆಯಲ್ಲಿ ಏನೇನಿರುತ್ತದೆ ಎಂಬುದು ನಮ್ಮ ಮನೆಗಳ ಹೆಂಗಸರಿಗೆ ಬಾಯಿಪಾಠ. ಕಂಬಳಿ, ಖರ್ಜೂರ, ಅತ್ತರು, ಮಕ್ಕಳಿಗೆ ಚಾಕಲೇಟು. 2022ರಲ್ಲಿ ನಮ್ಮ ಮನೆಯವರು ಬಂದಾಗ ಇವುಗಳ ನಡುವೆ ಟವೆಲಿನಲ್ಲಿ ಸುತ್ತಿದ ಗೇಣುದ್ದದ ಕಬ್ಬಿಣದ ತುಂಡೊಂದು ಇತ್ತು. ಬಣ್ಣ ಗಿಳಿಹಸಿರು. ಮುಟ್ಟಿದರೆ ಕಬ್ಬಿಣ ಎನಿಸದು, ಪ್ಲಾಸ್ಟಿಕ್ ಬಳೆಯ ನುಣುಪು. "ನಮ್ಮ ಮನೆಗೆ ಇಂಥದ್ದೇ ಸರಳು ಹಾಕಿಸಬೇಕು. ಇದಕ್ಕೆ ತುಕ್ಕು ಹಿಡಿಯುವುದಿಲ್ಲ" ಎಂದರು.

ಅವರು ಸೌದಿಯ ಜುಬೈಲ್‌ನಲ್ಲಿ ಹದಿನಾಲ್ಕು ವರ್ಷ ಸ್ಟೀಲ್ ಫಿಕ್ಸರ್ ಆಗಿ ದುಡಿದವರು. ಕಬ್ಬಿಣ ಕಟ್ಟುವುದೇ ಅವರ ಕಸುಬು. ಇನ್ನೊಬ್ಬರ ಕಟ್ಟಡಕ್ಕೆ ಟನ್ನುಗಟ್ಟಲೆ ಸರಳು ಕಟ್ಟಿದ ಕೈಗೆ ಸ್ವಂತದ ಒಂದು ಸೂರು ಇರಲಿಲ್ಲ. ಹರಪನಹಳ್ಳಿಯಲ್ಲಿ 30-40ರ ನಿವೇಶನ ಕೊಂಡು ಎಷ್ಟೋ ವರ್ಷವಾಗಿತ್ತು. (ನಾನು ಸೊಸೆಯಾಗಿ ಬಂದಾಗ ಈ ಊರು ದಾವಣಗೆರೆ ಜಿಲ್ಲೆಯಲ್ಲಿತ್ತು, ಆಮೇಲೆ ಬಳ್ಳಾರಿಗೆ ಸೇರಿತು, 2021ರಿಂದ ವಿಜಯನಗರ ಜಿಲ್ಲೆ. ನಮ್ಮ ಜಾಗ ಕದಲದಿದ್ದರೂ ಕಾಗದಪತ್ರಗಳಲ್ಲಿ ಮೂರು ಜಿಲ್ಲೆಯ ಹೆಸರಿದೆ.) ಇನ್ನೆರಡು ವರ್ಷ ದುಡಿದು ಊರಿಗೇ ಬಂದುಬಿಡುವುದೆಂದು ತೀರ್ಮಾನವಾಗಿತ್ತು. ಆಮೇಲೆ ರಿಯಾಲು ಬರುವುದಿಲ್ಲ. ಕಟ್ಟಿದ ಮನೆಗೆ ಇಪ್ಪತ್ತು ವರ್ಷದಲ್ಲಿ ರಿಪೇರಿ ಬಂದರೆ ಅದನ್ನು ಮಾಡಿಸುವ ಶಕ್ತಿ ಆಗ ನಮಗಿರುವುದಿಲ್ಲ. ಹೀಗಾಗಿ ಈ ಹಸಿರು ಸರಳಿನ ಮಾತನ್ನು ಗಂಡಸರ ಹುಚ್ಚೆಂದು ನಾನು ನಕ್ಕು ಬಿಡಲಿಲ್ಲ.

ನಗದಿರಲು ಇನ್ನೊಂದು ಕಾರಣವೂ ಇತ್ತು. ಕೂಡ್ಲಿಗಿಯಲ್ಲಿರುವ ನನ್ನ ತವರುಮನೆ.

ನಮ್ಮ ಕಡೆಯ ಹಳೆಯ ಮನೆಗಳೆಲ್ಲ ಮಾಳಿಗೆ ಮನೆಗಳು. ಮರದ ತೊಲೆ, ಅದರ ಮೇಲೆ ಜಂತಿ, ಜಂತಿಯ ಮೇಲೆ ಸೊಪ್ಪುಸದೆ, ಎಲ್ಲಕ್ಕೂ ಮೇಲೆ ಕರಲು ಮಣ್ಣು. ಈ ಉಪ್ಪುಪ್ಪಾದ ಮಣ್ಣು ಒದ್ದೆಯಾದ ಕೂಡಲೇ ಅಂಟಿನಂತಾಗಿ ನೀರು ಕೆಳಗಿಳಿಯಲು ಬಿಡುವುದಿಲ್ಲ. ಮಳೆಗಾಲಕ್ಕೆ ಮುಂಚೆ ಬುಟ್ಟಿಯಲ್ಲಿ ಕರಲು ಹೊತ್ತು ಮಾಳಿಗೆಗೆ ಹಾಕುವುದು ನಮ್ಮ ದಾದಿಯ ಕಾಲದಿಂದ ಬಂದ ಪದ್ಧತಿ. 1996ರಲ್ಲಿ ಅಬ್ಬಾ ಮಾಳಿಗೆ ಇಳಿಸಿ ಆರ್‌ಸಿಸಿ ಹಾಕಿಸಿದರು. ಬೀದಿಗೆಲ್ಲ ಮೊದಲ ಸ್ಲ್ಯಾಬು ಅದು. ಬೇಸಿಗೆಯಲ್ಲಿ ಮನೆ ಕಾಯುತ್ತದೆಂದು ಆ ಸ್ಲ್ಯಾಬಿನ ಮೇಲೂ ಹಳೆಯ ರೂಢಿಯಂತೆ ಕರಲು ಹರಡಲಾಯಿತು. ಕಾಂಕ್ರೀಟ್ ಕಲಸಿದ್ದು ಹಿತ್ತಲಿನ ಬೋರಿನ ನೀರಿನಲ್ಲಿ. ಬಾಯಿಗಿಟ್ಟರೆ ಉಪ್ಪು ತಿಳಿಯುವಂಥ ನೀರು.

2019ರಲ್ಲಿ ನಡುಮನೆಯ ಸೂರಿನಿಂದ ತಾಟಿನಗಲದ ಹೆಂಟೆ ಕಳಚಿ ಬಿತ್ತು. ಅದು ಬಿದ್ದದ್ದು ತಂಗಿಯ ಕೂಸಿನ ತೊಟ್ಟಿಲಿಗೆ. ಕೂಸನ್ನು ಅಮ್ಮಿ ಎಣ್ಣೆನೀರಿಗೆಂದು ಆಗಷ್ಟೇ ಎತ್ತಿಕೊಂಡು ಹೋಗಿದ್ದರು. ಬರಿದಾದ ತೊಟ್ಟಿಲಿನಲ್ಲಿ ಸಿಮೆಂಟಿನ ಹೆಂಟೆ, ಮೇಲೆ ನೋಡಿದರೆ ಪದರು ಪದರಾಗಿ ಬಿಚ್ಚಿಕೊಂಡ ಕೆಂಪು ಸರಳು. ಬೆರಳಿನಿಂದ ಕೆರೆದರೆ ಉದುರುತ್ತಿತ್ತು. ಅದನ್ನು ನಮ್ಮ ಮನೆಯವರೂ ಆ ವರ್ಷ ರಜೆಗೆ ಬಂದಾಗ ಕಂಡಿದ್ದರು. ಅವರ ತಲೆಯಲ್ಲಿ ಹಸಿರು ಸರಳು ಹೊಕ್ಕಿದ್ದು ಅಂದೇ ಎಂದು ನನಗನ್ನಿಸುತ್ತದೆ.

ಸಿಮೆಂಟಿನೊಳಗೆ ಹುಗಿದ ಕಬ್ಬಿಣಕ್ಕೆ ತುಕ್ಕು ಹೇಗೆ ಹಿಡಿಯುತ್ತದೆ? ಇದನ್ನು ನನಗೆ ಬಿಡಿಸಿ ಹೇಳಿದವಳು ಸಿವಿಲ್ ಡಿಪ್ಲೊಮಾ ಓದಿದ ನಾದಿನಿಯ ಮಗಳು. ಹುಡುಗಿಗೆ ಡಿಪ್ಲೊಮಾ ಯಾಕೆ ಎಂದು ಕೇಳಿದ್ದವರು ನಮ್ಮ ಬಳಗದಲ್ಲಿ ಬಹಳ ಮಂದಿ. ಈಗ ಅವರೇ ಮನೆ ಕಟ್ಟುವ ಮುಂಚೆ ಅವಳಿಗೆ ಫೋನು ಮಾಡುತ್ತಾರೆ.

ಅವಳು ಹೇಳಿದ್ದು ಹೀಗೆ. ಒಳ್ಳೆಯ ಕಾಂಕ್ರೀಟಿಗೆ ಸುಣ್ಣದಂತೆ ಬಲವಾದ ಕ್ಷಾರಗುಣವಿದೆ. ಆ ಕ್ಷಾರದ ನಡುವೆ ಇರುವಷ್ಟು ದಿನ ಕಬ್ಬಿಣದ ಮೇಲೆ ಕಣ್ಣಿಗೆ ಕಾಣದಷ್ಟು ತೆಳುವಾದ ಒಂದು ಪೊರೆ ಕಟ್ಟಿಕೊಂಡು ಅದನ್ನು ಕಾಯುತ್ತದೆ. ಪೊರೆಯನ್ನು ಕೆಡಿಸುವ ಶತ್ರುಗಳು ಎರಡು. ಒಂದು, ಗಾಳಿಯಲ್ಲಿರುವ ಇಂಗಾಲದ ಡೈಆಕ್ಸೈಡ್. ಅದು ವರ್ಷ ವರ್ಷವೂ ಸ್ವಲ್ಪ ಸ್ವಲ್ಪವೇ ಒಳಗಿಳಿದು ಕ್ಷಾರವನ್ನು ಸಪ್ಪೆ ಮಾಡುತ್ತದೆ. ಇನ್ನೊಂದು ಉಪ್ಪಿನೊಳಗಿನ ಕ್ಲೋರೈಡ್. ಇದು ಕ್ಷಾರವಿದ್ದರೂ ಪೊರೆಯನ್ನು ಅಲ್ಲಲ್ಲಿ ತೂತು ಮಾಡುತ್ತದೆ. ಒಮ್ಮೆ ಪೊರೆ ಹರಿದರೆ ತೇವ ಮತ್ತು ಗಾಳಿ ಸೇರಿ ತುಕ್ಕು ಶುರು. ತುಕ್ಕಿಗೆ ಅದು ತಿಂದ ಕಬ್ಬಿಣಕ್ಕಿಂತ ಎರಡರಿಂದ ಆರು ಪಟ್ಟು ಹೆಚ್ಚು ಜಾಗ ಬೇಕು. ಒಳಗೆ ಜಾಗವೆಲ್ಲಿದೆ? ಅದು ಸುತ್ತಲಿನ ಕಾಂಕ್ರೀಟನ್ನು ಒದ್ದು ಸೀಳುತ್ತದೆ. ನಮ್ಮ ತೊಟ್ಟಿಲಿಗೆ ಬಿದ್ದ ಹೆಂಟೆ ಹಾಗೆ ಸೀಳಿಬಂದದ್ದು. ತವರಿನ ಸ್ಲ್ಯಾಬಿಗೆ ಉಪ್ಪು ಕೆಳಗಿನ ಬೋರಿನಿಂದಲೂ ಬಂದಿತ್ತು, ಮೇಲಿನ ಕರಲಿನಿಂದಲೂ ಇಳಿದಿತ್ತು. ಮರದ ಮಾಳಿಗೆಯನ್ನು ತಲೆಮಾರುಗಟ್ಟಲೆ ಕಾಪಾಡಿದ ಮಣ್ಣೇ ಕಬ್ಬಿಣದ ಮಾಳಿಗೆಗೆ ವಿಷವಾಯಿತು.

ಈಗ ಹಸಿರು ಸರಳಿನ ವಿಷಯಕ್ಕೆ ಬರೋಣ. ಅದು ಬ್ರಷ್ಷಿನಲ್ಲಿ ಬಳಿದ ಬಣ್ಣವಲ್ಲ. ಕಾರ್ಖಾನೆಯಲ್ಲಿ ಸರಳಿನ ಮೇಲಿನ ತುಕ್ಕು, ಹೊಟ್ಟುಗಳನ್ನು ಕಣಗಳ ಹೊಡೆತದಿಂದ ಪೂರ್ತಿ ಕಿತ್ತು, ಸುಮಾರು 230 ಡಿಗ್ರಿ ಸೆಲ್ಸಿಯಸ್‌ಗೆ ಕಾಯಿಸಿ, ಕಾದ ಸರಳಿನ ಮೇಲೆ ಎಪಾಕ್ಸಿ ಎಂಬ ರಾಳದ ಪುಡಿಯನ್ನು ವಿದ್ಯುತ್ ಸೆಳೆತದಿಂದ ಹಾಯಿಸುತ್ತಾರೆ. ಪುಡಿ ಕರಗಿ, ಹರಡಿ, ಗಟ್ಟಿಯಾಗಿ ಕಬ್ಬಿಣಕ್ಕೆ ಕಚ್ಚಿಕೊಳ್ಳುತ್ತದೆ. ನಮ್ಮ ದೇಶದಲ್ಲೂ ಇದಕ್ಕೆ 1993ರಿಂದ ಐಎಸ್ 13620 ಎಂಬ ಮಾನದಂಡವಿದೆ. ಅದರ ಪ್ರಕಾರ ಲೇಪದ ದಪ್ಪ 0.1ರಿಂದ 0.3 ಮಿಲಿಮೀಟರ್. ಬಳಿಕ ಸೂಜಿಮೊನೆಯಷ್ಟು ತೂತು ಉಳಿದಿದೆಯೇ ಎಂದು ವಿದ್ಯುತ್ ಉಪಕರಣದಿಂದ ಪರೀಕ್ಷಿಸುತ್ತಾರೆ. ಲೇಪ ಬಿರಿಯುತ್ತದೆಯೇ ಎಂದು ಸರಳನ್ನು ಬಗ್ಗಿಸಿಯೂ ನೋಡುತ್ತಾರೆ.

ಇದು ಹುಟ್ಟಿದ್ದು ಅಮೆರಿಕದಲ್ಲಿ. ಅಲ್ಲಿ ಚಳಿಗಾಲದಲ್ಲಿ ರಸ್ತೆಯ ಹಿಮ ಕರಗಿಸಲು ಉಪ್ಪು ಚೆಲ್ಲುತ್ತಾರೆ. ಆ ಉಪ್ಪು ಸೇತುವೆಗಳ ಹಾಸಿನೊಳಗಿಳಿದು ಸರಳು ತಿನ್ನತೊಡಗಿದಾಗ ಈ ಉಪಾಯ ಹುಡುಕಿದರು. 1973ರಲ್ಲಿ ಪೆನ್ಸಿಲ್ವೇನಿಯಾದ ಒಂದು ಸೇತುವೆಗೆ ಮೊದಲು ಹಾಕಿದರು. ಅರಬ್ ದೇಶಗಳಿಗೂ ಇದು ಬಂದದ್ದು ಸಹಜವೇ. ಕಡಲತೀರ, ನೆಲದಲ್ಲೇ ಉಪ್ಪು, ಸೆಕೆ. ನಮ್ಮವರು ಹೇಳುವಂತೆ ಜುಬೈಲ್‌ನಲ್ಲಿ ಕೆಲವು ಕಡೆ ಪಾಯ ತೋಡಿದರೆ ಮಣ್ಣಿನ ಮೇಲೆ ಉಪ್ಪು ಬಿಳಿಯಾಗಿ ಕಟ್ಟಿಕೊಳ್ಳುತ್ತದಂತೆ.

ಆದರೆ ಈ ಕತೆಗೆ ಇನ್ನೊಂದು ಮಗ್ಗಲಿದೆ. ಅಮೆರಿಕದ ಫ್ಲೋರಿಡಾದಲ್ಲಿ ಸಮುದ್ರದ ನಡುವೆ ದ್ವೀಪದಿಂದ ದ್ವೀಪಕ್ಕೆ ಸೇತುವೆಗಳಿವೆ. ಅವುಗಳ ಕಂಬಗಳಿಗೂ ಇದೇ ಲೇಪದ ಸರಳು ಹಾಕಿದ್ದರು. 1986ರಲ್ಲಿ ಲಾಂಗ್ ಕೀ ಸೇತುವೆಯ ಕಂಬಗಳಲ್ಲಿ ಉಪ್ಪುನೀರು ಸಿಡಿಯುವ ಮಟ್ಟದಲ್ಲಿ ಕಾಂಕ್ರೀಟ್ ಒಡೆದಿತ್ತು. ಕಟ್ಟಿ ಹತ್ತು ವರ್ಷವೂ ಆಗಿರಲಿಲ್ಲ. ಬಗೆದು ನೋಡಿದರೆ ಲೇಪ ಕಬ್ಬಿಣವನ್ನು ಬಿಟ್ಟು ಎದ್ದಿದೆ, ಅದರ ಕೆಳಗೆ ತುಕ್ಕು. ಸಾಗಿಸುವಾಗ, ಬಗ್ಗಿಸುವಾಗ ಬಿದ್ದ ಗೀರು, ಬಿರುಕುಗಳಿಂದ ಉಪ್ಪುನೀರು ಲೇಪದ ಅಡಿಗೆ ನುಸುಳಿತ್ತು. ಮುಂದೆ ಆ ರಾಜ್ಯ ತನ್ನ ಸೇತುವೆಗಳಿಗೆ ಇದನ್ನು ಬಳಸುವುದನ್ನೇ ಕೈಬಿಟ್ಟಿತು. ಹಿಮ ಬೀಳುವ ಬೇರೆ ರಾಜ್ಯಗಳು ಇಂದಿಗೂ ಬಳಸುತ್ತಿವೆ. ಒಂದೇ ವಸ್ತು ಒಂದು ಕಡೆ ಸೈ, ಇನ್ನೊಂದು ಕಡೆ ಸೋಲು.

ಸೊಸೆಯಂಥ ಆ ಹುಡುಗಿ ಇದನ್ನೆಲ್ಲ ಹೇಳಿದ ರಾತ್ರಿ ನಾನು ಜುಬೈಲ್‌ಗೆ ಕರೆ ಮಾಡಿದೆ. ಇವರು ಆಗ ರಜೆ ಮುಗಿಸಿ ಹೋಗಿದ್ದರು.

"ಅಲ್ಲಿ ಹಸಿರು ಸರಳನ್ನು ಲಾರಿಯಿಂದ ಹೇಗೆ ಇಳಿಸುತ್ತೀರಿ?" ಎಂದು ಕೇಳಿದೆ.

"ಕ್ರೇನಿನಲ್ಲಿ. ಸರಪಳಿ ಹಾಕಕೂಡದು, ನೈಲಾನ್ ಪಟ್ಟಿಯೇ ಆಗಬೇಕು. ಮರದ ತುಂಡುಗಳ ಮೇಲೆ ಇಡುತ್ತೇವೆ. ಬಿಸಿಲಿಗೆ ಲೇಪ ಹಾಳಾಗುತ್ತದೆಂದು ಟಾರ್ಪಾಲು ಹೊದಿಸುತ್ತೇವೆ."

"ಬಗ್ಗಿಸುವಾಗ?"

"ಮಷಿನ್ನಿನ ರೋಲರಿಗೆ ಪ್ಲಾಸ್ಟಿಕ್ ತೊಡಿಸಿರುತ್ತಾರೆ. ಕಟ್ಟುವುದಕ್ಕೆ ಪ್ಲಾಸ್ಟಿಕ್ ಸುತ್ತಿದ ತಂತಿ. ಕತ್ತರಿಸಿದ ತುದಿಗೆ, ಗೀರಿಗೆ ಎರಡು ಡಬ್ಬಿಯ ಮಸಾಲೆ ಕಲಸಿ ಹಚ್ಚಬೇಕು. ವೈಬ್ರೇಟರಿನ ತುದಿಗೂ ರಬ್ಬರು. ಇನ್‌ಸ್ಪೆಕ್ಟರ್ ಚಾಕ್‌ಪೀಸು ಹಿಡಿದು ಬರುತ್ತಾನೆ, ಗೀರು ಕಂಡಲ್ಲಿ ಗುರುತು ಹಾಕುತ್ತಾನೆ. ಎಲ್ಲ ಸರಿಮಾಡುವ ತನಕ ಕಾಂಕ್ರೀಟಿಗೆ ಬಿಡುವುದಿಲ್ಲ."

"ನಮ್ಮೂರಿನಲ್ಲಿ ಸರಳು ಹೇಗೆ ಬರುತ್ತದೆ?"

ಆ ಕಡೆಯಿಂದ ಸ್ವಲ್ಪ ಹೊತ್ತು ಮಾತಿಲ್ಲ. ಅವರಿಗೇ ಗೊತ್ತು. ಟ್ರ್ಯಾಕ್ಟರಿಗೆ ಎರಡಾಗಿ ಮಡಿಚಿ ಕಟ್ಟಿ, ಹಿಂದಿನ ಅರ್ಧ ಟಾರು ರಸ್ತೆಯ ಮೇಲೆ ಕಿಡಿ ಹಾರಿಸುತ್ತಾ ಬರುತ್ತದೆ. ಮನೆ ಮುಂದೆ ದಢಾರನೆ ಉರುಳಿಸುತ್ತಾರೆ. ಕಲ್ಲಿನ ಮೇಲಿಟ್ಟು ಸುತ್ತಿಗೆಯಿಂದ ನೇರ ಮಾಡುತ್ತಾರೆ. ಮಡಿಚಿದ ಜಾಗದಲ್ಲಿ ಹಸಿರು ಲೇಪ ಎಲ್ಲಿ ಉಳಿಯಬೇಕು? ಗೀರುಬಿದ್ದ ಹಸಿರು ಸರಳಿಗಿಂತ ಬರಿಯ ಸರಳೇ ವಾಸಿ ಎಂಬುದನ್ನು ನಾನು ಹೇಳಬೇಕಾಗಲಿಲ್ಲ. ಅವರೇ ಅಂದರು.

ಇನ್ನೂ ಒಂದು ಸಂಗತಿ ಇದೆ. ನುಣುಪಾದ ಲೇಪದಿಂದ ಕಾಂಕ್ರೀಟಿನ ಹಿಡಿತ ಸ್ವಲ್ಪ ಕಡಿಮೆಯಾಗುತ್ತದೆ. ಹೀಗಾಗಿ ಒಂದು ಸರಳಿನ ಮೇಲೆ ಇನ್ನೊಂದನ್ನು ಜೋಡಿಸುವ ಉದ್ದವನ್ನು ಹೆಚ್ಚಿಸಬೇಕು. ಅಮೆರಿಕದ ನಿಯಮದಂತೆ ಸಂದರ್ಭ ನೋಡಿ 1.2 ಅಥವಾ 1.5 ಪಟ್ಟು. ಇದನ್ನು ತಿಳಿದು ನಕ್ಷೆ ಮಾಡುವವರು ಬೇಕು. ಬರೀ ಸರಳು ತಂದರೆ ಸಾಲದು.

ಅಂಗಡಿಯವರೊಬ್ಬರು ಮಾತ್ರ ನಮ್ಮ ಚಿಂತೆಯನ್ನು ಬಹಳ ಸುಲಭದಲ್ಲಿ ಪರಿಹರಿಸಲು ಮುಂದಾದರು. "ಹಸಿರು ಬೇಕಾ? ಎರಡು ದಿನ ಕೊಡಿ, ಮಾಡಿಸಿ ಕೊಡ್ತೀನಿ" ಎಂದರು. ಹೇಗೆಂದು ವಿಚಾರಿಸಿದರೆ ಬಾಗಿಲಿಗೆ ಬಳಿಯುವ ಬಣ್ಣ, ಎರಡು ಆಳು, ನಾಲ್ಕು ಬ್ರಷ್ಷು. ಓದುಗ ಸಹೋದರಿಯರು ಇದನ್ನು ಗಮನದಲ್ಲಿಡಬೇಕು. ಕಾಂಕ್ರೀಟ್ ಕೆಲಸದ ನಮ್ಮ ದೇಶದ ಮಾನದಂಡವಾದ ಐಎಸ್ 456 ಸರಳಿನ ಮೇಲೆ ಬಣ್ಣ, ಎಣ್ಣೆ, ಮಣ್ಣು, ಬಿಡಿಬಿಡಿಯಾದ ತುಕ್ಕು ಯಾವುದೂ ಇರಬಾರದು ಎನ್ನುತ್ತದೆ. ಕಾರ್ಖಾನೆಯಲ್ಲಿ ಕಾಯಿಸಿ ಕೂಡಿಸಿದ ಲೇಪ ಬೇರೆ, ಬಳಿದ ಬಣ್ಣ ಬೇರೆ. ಬಣ್ಣ ಸಿಮೆಂಟಿನ ಹಿಡಿತವನ್ನು ಕೆಡಿಸುತ್ತದೆ. ತೆಳ್ಳಗೆ ಕಂದು ಬಣ್ಣಕ್ಕೆ ತಿರುಗಿದ ಬರಿಯ ಸರಳನ್ನು ಕಂಡು ಹೆದರಬೇಕಾಗಿಲ್ಲ. ಹೊಪ್ಪಳಿಕೆ ಏಳುವಷ್ಟು ತುಕ್ಕಿದ್ದರೆ ಮಾತ್ರ ತಂತಿಬ್ರಷ್ಷಿನಲ್ಲಿ ಉಜ್ಜಿ ತೆಗೆಯಬೇಕು.

ಕೊನೆಗೆ ನಾವು ತಂದದ್ದು ಎಲ್ಲರೂ ತರುವ ಟಿಎಂಟಿ ಸರಳನ್ನೇ. ಸಂಡೂರಿನ ಮಣ್ಣು ಕೆಂಪಾಗಿರುವುದೇ ಅದಿರಿನಿಂದ, ತೋರಣಗಲ್ಲಿನಲ್ಲಿ ಅಷ್ಟು ದೊಡ್ಡ ಉಕ್ಕಿನ ಕಾರ್ಖಾನೆ ಇದೆ. ಹಾಗಿದ್ದೂ ಕಬ್ಬಿಣದ ದರ ಕೇಳಿದರೆ ನಮ್ಮ ಎದೆಯೇ ಮೊದಲು ಧಸಕ್ಕೆನ್ನುತ್ತದೆ. ತೂಕದ ಲೆಕ್ಕವನ್ನು ಮಾತ್ರ ನಾನು ಚೀಟಿಯಲ್ಲಿ ಬರೆದಿಟ್ಟುಕೊಂಡಿದ್ದೆ: 12 ಮಿ.ಮೀ. ಸರಳು ಮೀಟರಿಗೆ 0.888 ಕಿಲೋ, ಅಂದರೆ 12 ಮೀಟರಿನ ಒಂದು ಸರಳು ಹತ್ತೂವರೆ ಕಿಲೋಗಿಂತ ತುಸು ಹೆಚ್ಚು. ಸರಳು ಎಣಿಸಿ ಗುಣಿಸಿದರೆ ತಕ್ಕಡಿಯವನ ಮಾತು ನಿಜವೋ ಸುಳ್ಳೋ ಅಲ್ಲೇ ತಿಳಿಯುತ್ತದೆ.

ಹಸಿರಿಗೆಂದು ತೆಗೆದಿಟ್ಟ ಹಣವನ್ನು ಎಲ್ಲಿ ಖರ್ಚು ಮಾಡಬೇಕು ಎಂಬುದು ಮುಂದಿನ ಪ್ರಶ್ನೆ. ಸಮುದ್ರ ನಮ್ಮಿಂದ ಘಟ್ಟದಾಚೆ, ನೂರೈವತ್ತು ಕಿಲೋಮೀಟರಿಗೂ ದೂರ. ಹಿಮ ನಾವು ಕಂಡಿಲ್ಲ. ಉಪ್ಪನ್ನು ನಾವೇ ಕೈಯಾರೆ ತಂದು ಹಾಕದಿದ್ದರೆ ನಮ್ಮ ಸರಳಿಗೆ ಅದರ ಕಾಟವಿಲ್ಲ. ಉಳಿದದ್ದು ಗಾಳಿಯ ಕಾಟ. ಅದನ್ನು ತಡೆಯುವುದು ಸರಳಿನ ಹೊರಗಿರುವ ಕಾಂಕ್ರೀಟಿನ ಹೊದಿಕೆ. ಇದಕ್ಕೆ ಕವರ್ ಎನ್ನುತ್ತಾರೆ. ನಮ್ಮಂಥ ಒಣನಾಡಿನಲ್ಲಿ ಸ್ಲ್ಯಾಬಿಗೆ 20 ಮಿ.ಮೀ., ಕಂಬಕ್ಕೆ 40, ಪಾಯಕ್ಕೆ 50 ಎಂದು ಐಎಸ್ 456ರಲ್ಲಿದೆ.

ಈ 20 ಮಿ.ಮೀ. ಎಂಬುದು ಬೆರಳಿನ ಅಗಲಕ್ಕಿಂತ ಸ್ವಲ್ಪ ಹೆಚ್ಚಷ್ಟೆ. ಅದಕ್ಕಾಗಿ ನಮ್ಮ ಗೌಂಡಿಯೊಂದಿಗೆ ನಾನು ಮೂರು ದಿನ ವಾದಿಸಬೇಕಾಯಿತು. ಅವನು ಸೆಂಟ್ರಿಂಗ್ ಹಲಗೆಯ ಮೇಲೆ ಸರಳು ಹರಡಿ ಅಡಿಗೆ ಅಲ್ಲೊಂದು ಇಲ್ಲೊಂದು ಕಡಿ ಸಿಕ್ಕಿಸುತ್ತಿದ್ದ. "ಇಷ್ಟು ವರ್ಷ ಹಿಂಗೇ ಹಾಕ್ಕಂಡು ಬಂದೀವಿ ಅಕ್ಕಾ, ಯಾವ ಮನಿ ಬಿದ್ದೈತಿ ಹೇಳ್ರಿ?" ಎಂದ. ಕೂಡ್ಲಿಗಿಯ ಮನೆಯ ಫೋಟೋ ಮೊಬೈಲಿನಲ್ಲಿ ಇತ್ತು, ತೋರಿಸಿದೆ. ಕಡಿ ಜಾರುತ್ತದೆ, ಜಾರಿದಲ್ಲಿ ಸರಳು ಹಲಗೆಗೆ ತಾಗುತ್ತದೆ, ಹಲಗೆ ಬಿಚ್ಚಿದ ಮೇಲೆ ಆ ಸರಳಿನ ಮೇಲೆ ಬರೀ ಗಿಲಾವಿನ ಹೊದಿಕೆ.

ನಾದಿನಿಯ ಮಗಳು ಒಂದು ಲೆಕ್ಕ ಹೇಳಿದಳು. ಅದು ನನಗೆ ಬಹಳ ಹಿಡಿಸಿತು. "ಮಾಮಿ, ಗಾಳಿ ಒಳಗಿಳಿಯುವುದು ದಿನದಿಂದ ದಿನಕ್ಕೆ ನಿಧಾನವಾಗುತ್ತದೆ. ಮೊದಲ 10 ಮಿ.ಮೀ. ದಾಟಲು ಹತ್ತು ವರ್ಷ ಹಿಡಿದರೆ, 20 ಮಿ.ಮೀ. ದಾಟಲು ಇಪ್ಪತ್ತು ವರ್ಷ ಅಲ್ಲ, ನಲವತ್ತು ವರ್ಷ." ಹೊದಿಕೆ ಎರಡರಷ್ಟಾದರೆ ಆಯುಷ್ಯ ನಾಲ್ಕರಷ್ಟು. ಹೊದಿಕೆ ಅರ್ಧವಾದರೆ ಆಯುಷ್ಯ ಕಾಲುಭಾಗ. ಗೌಂಡಿಯ ಅಸಡ್ಡೆಗೆ ಎಷ್ಟು ಬೆಲೆ ಎಂಬುದು ಇದರಿಂದ ತಿಳಿಯುತ್ತದೆ.

ಸಿಮೆಂಟಿನ ಕವರ್ ಬ್ಲಾಕುಗಳನ್ನು ನಾವೇ ಮಾಡಿದೆವು. ನಾನು, ಹಡಗಲಿಯಿಂದ ಬಂದಿದ್ದ ನನ್ನ ಆಪಾ, ಆ ಹುಡುಗಿ ಮೂವರೂ ಸೇರಿ. ಸರಿಯಾಗಿ 20 ಮಿ.ಮೀ. ಎತ್ತರದ ಪಟ್ಟಿಗಳ ನಡುವೆ ಗಟ್ಟಿಯಾಗಿ ಕಲಸಿದ ಸಿಮೆಂಟು-ಉಸುಕು ತುಂಬಿ, ಬರ್ಫಿಯಂತೆ ಚೌಕ ಕತ್ತರಿಸಿ, ಪ್ರತಿಯೊಂದಕ್ಕೂ ಕಟ್ಟಲು ತಂತಿ ಸಿಕ್ಕಿಸಿ, ಮರುದಿನದಿಂದ ಬಕೆಟ್ಟಿನ ನೀರಿನಲ್ಲಿ ನೆನೆಸಿಟ್ಟೆವು. ಬಿಲ್ಲೆ ಸ್ಲ್ಯಾಬಿನಷ್ಟೇ ಗಟ್ಟಿಯಾಗಿರಬೇಕು, ಇಲ್ಲದಿದ್ದರೆ ಅದೇ ನೀರು ನುಸುಳುವ ಕಿಂಡಿಯಾಗುತ್ತದೆ. ಮೂರು ದಿನದ ಕೆಲಸ, ಖರ್ಚು ಹೇಳುವಷ್ಟಿಲ್ಲ. ಪುರಸೊತ್ತಿಲ್ಲದವರಿಗೆ ಪ್ಲಾಸ್ಟಿಕ್ಕಿನವು ಅಂಗಡಿಯಲ್ಲೇ ಸಿಗುತ್ತವೆ.

ನೀರಿನದು ದೊಡ್ಡ ಕತೆ. ಕೂಡ್ಲಿಗಿ ಕಡೆಯ ಬೋರಿನ ನೀರಿನಲ್ಲಿ ಫ್ಲೋರೈಡ್ ಇದೆ ಎಂಬುದನ್ನು ನಾವು ಚಿಕ್ಕಂದಿನಿಂದ ಕೇಳಿ, ಹಲ್ಲಿನ ಕಲೆಯಲ್ಲಿ ಕಂಡು ಬೆಳೆದವರು. ಅದು ಹಲ್ಲಿಗೂ ಮೂಳೆಗೂ ಕೆಟ್ಟದ್ದು. ಕಬ್ಬಿಣದ ಶತ್ರು ಕ್ಲೋರೈಡ್. ಹೆಸರು ಹತ್ತಿರವಿದ್ದರೂ ಇವು ಬೇರೆ ಬೇರೆ. ಸರಳು ಹಾಕುವ ಕಾಂಕ್ರೀಟಿಗೆ ಬಳಸುವ ನೀರಿನಲ್ಲಿ ಕ್ಲೋರೈಡ್ ಲೀಟರಿಗೆ 500 ಮಿಲಿಗ್ರಾಂ ಮೀರಬಾರದು. ಸರಳಿಲ್ಲದ ಕಾಂಕ್ರೀಟಿಗಾದರೆ 2,000ದ ತನಕ ನಡೆಯುತ್ತದೆ. ಕುಡಿಯುವ ನೀರು ಪರೀಕ್ಷಿಸುವ ಪ್ರಯೋಗಾಲಯಕ್ಕೆ ಒಂದು ಬಾಟಲಿ ನಮ್ಮ ಬೋರಿನ ನೀರು ಕಳುಹಿಸಿದೆವು. ಮಿತಿಗಿಂತ ಹೆಚ್ಚೇ ಬಂತು. ಆ ನೀರನ್ನು ಪಾಯದ ಮಣ್ಣು ತೋಯಿಸುವುದಕ್ಕೂ ನಾನು ಬಿಡಲಿಲ್ಲ. ಕಾಂಕ್ರೀಟಿಗೆ, ಆಮೇಲೆ ನೀರುಣಿಸುವುದಕ್ಕೆ ತುಂಗಭದ್ರೆಯ ನೀರು ಟ್ಯಾಂಕರಿನಲ್ಲಿ ಬಂತು. ಹಸಿರಿನ ಹಣದ ದೊಡ್ಡ ಪಾಲು ಹೋದದ್ದು ಈ ಟ್ಯಾಂಕರಿಗೆ. "ನಮ್ಮೂರಿನಲ್ಲಿ ಹೊಳೆಯೇ ಇದೆ, ನಿಮ್ಮದು ನೀರಿಗೂ ದುಡ್ಡು ಕೊಡುವ ಊರು" ಎಂದು ಆಪಾ ಹಂಗಿಸಿದ್ದೂ ಆಯಿತು. ಹಡಗಲಿಯವರಿಗೆ ಮಲ್ಲಿಗೆಯ ಜಂಬ ಸಾಲದೆಂದು ಹೊಳೆಯ ಜಂಬ ಬೇರೆ.

ಸ್ಲ್ಯಾಬು ಹಾಕಿದ್ದು 2023ರ ಫೆಬ್ರವರಿಯಲ್ಲಿ. ಆ ದಿನ ನೋಡಬೇಕಾದದ್ದು ಅಡುಗೆಯಲ್ಲ, ಸರಳಿನ ಮೇಲೆ ಓಡಾಡುವ ಕಾಲುಗಳನ್ನು. ಛಜ್ಜಾ, ಬಾಲ್ಕನಿಗಳಲ್ಲಿ ಸರಳು ಮೇಲ್ಭಾಗದಲ್ಲಿರಬೇಕು. ಬಾಂಡ್ಲಿ ಹೊತ್ತವರು ತುಳಿದು ತುಳಿದು ಅದು ಕೆಳಗೆ ಕೂತರೆ ಬಾಲ್ಕನಿಗೆ ಬಲವೇ ಇಲ್ಲ. ಓಡಾಡಲು ಹಲಗೆ ಹಾಸಿಸಿದೆ. ಕಾಂಕ್ರೀಟಿಗೆ ಹೆಚ್ಚು ನೀರು ಸುರಿದು ತೆಳುಮಾಡಿದರೆ ಹಾಕುವವರಿಗೆ ಸಲೀಸು, ಆದರೆ ಆ ಹೆಚ್ಚುವರಿ ನೀರು ಆರಿದ ಜಾಗವೆಲ್ಲ ಸಣ್ಣ ಸಣ್ಣ ತೂತು, ಗಾಳಿಗೆ ದಾರಿ. ಮಿಕ್ಸರಿನ ಹತ್ತಿರ ನಿಂತು ಪೈಪು ಕಾಯ್ದದ್ದು ಆ ಡಿಪ್ಲೊಮಾ ಹುಡುಗಿ. ಆಳುಗಳು ಮೊದಲು ಮುಸಿಮುಸಿ ನಕ್ಕರು, ಮಧ್ಯಾಹ್ನದ ಹೊತ್ತಿಗೆ ಅವಳನ್ನು ಕೇಳಿಯೇ ನೀರು ಬಿಡುತ್ತಿದ್ದರು.

ನೀರುಣಿಸುವ ಕೆಲಸ ಯಾವ ಮನೆಯಲ್ಲೂ ಹೆಂಗಸರದ್ದೇ. ಕೂಲಿಯಿಲ್ಲದ ಕೆಲಸವಾದ್ದರಿಂದ ಅದಕ್ಕೆ ಬೆಲೆಯೂ ಇಲ್ಲ. ಆದರೆ ಸರಳನ್ನು ಕಾಯುವ ಹೊದಿಕೆ ಗಟ್ಟಿಯಾಗುವುದು ಈ ಕೆಲಸದಿಂದಲೇ. ನಿಯಮದಂತೆ ಕನಿಷ್ಠ 7 ದಿನ, ನಮ್ಮಂಥ ಬಿಸಿಲುನಾಡಿನಲ್ಲಿ 10ಕ್ಕೆ ಕಡಿಮೆ ಇಲ್ಲ, ಈಗಿನ ಬೂದಿಮಿಶ್ರಿತ ಸಿಮೆಂಟಿಗೆ 14 ದಿನವಾದರೆ ಉತ್ತಮ. ನಾವು ಇಪ್ಪತ್ತೊಂದು ದಿನ ಮಾಡಿದೆವು. ಸ್ಲ್ಯಾಬಿನ ಮೇಲೆ ನೀರು ನಿಲ್ಲಿಸಲು ಮಣ್ಣಿನ ಒಡ್ಡು ಕಟ್ಟುತ್ತಾರಲ್ಲ, ಅದಕ್ಕೆ ಆಳು ಬುಟ್ಟಿ ತುಂಬಾ ಕರಲು ತಂದುಬಿಟ್ಟಿದ್ದ, ನೀರು ಸೋರುವುದಿಲ್ಲವೆಂಬ ಒಳ್ಳೆಯ ಉದ್ದೇಶದಿಂದಲೇ. ಮೆಟ್ಟಿಲಿನಿಂದಲೇ ಹಿಂದಕ್ಕೆ ಕಳಿಸಿದೆ.

ಹಾಗಾದರೆ ಲೇಪದ ಸರಳು ಯಾರಿಗೂ ಬೇಡವೇ? ಹಾಗಲ್ಲ. ಹಗರಿಬೊಮ್ಮನಹಳ್ಳಿಯಲ್ಲಿ ನಮ್ಮ ಮಾಮುವಿನ ಮನೆಯ ಹಿಂದಿನ ಕೋಣೆಯಲ್ಲಿ ಎಷ್ಟೋ ವರ್ಷ ಗೊಬ್ಬರದ ಚೀಲ ಪೇರಿಸಿಡುತ್ತಿದ್ದರು. ಹೊಲಕ್ಕೆ ಹಾಕುವ ಪೊಟ್ಯಾಷ್ ಎಂದರೆ ಪೊಟ್ಯಾಸಿಯಂ ಕ್ಲೋರೈಡ್, ಅದೂ ಒಂದು ಉಪ್ಪೇ. ಒಡೆದ ಚೀಲಗಳಿಂದ ಸುರಿದು, ಮಳೆಗಾಲದ ತೇವಕ್ಕೆ ಕರಗಿ, ಕೋಣೆಯ ಎರಡು ಕಂಬಗಳ ಬುಡ ಒಡೆದಿದೆ. ಕೊಟ್ಟೂರಿನ ನಂಟರೊಬ್ಬರ ಗೋದಾಮಿನಲ್ಲಿ ಮರದ ಅಟ್ಟಣೆಯ ಮೇಲೆ ಚೀಲ ಇಟ್ಟಿರುವುದನ್ನು ಕಂಡಿದ್ದೇನೆ, ಅಲ್ಲಿ ಕಂಬಗಳು ಹೊಸದರಂತಿವೆ. ಅಲ್ಲಿಗೂ ಹಸಿರು ಸರಳಿಗಿಂತ ಆ ಅಟ್ಟಣೆಯೇ ಅಗ್ಗ.

ನಿಜವಾದ ಚಿಂತೆ ಕರಾವಳಿಯ ಸಹೋದರಿಯರದ್ದು. ಭಟ್ಕಳ, ಮಲ್ಪೆ, ಉಳ್ಳಾಲದ ಕಡಲಂಚಿನ ಮನೆಗಳಿಗೆ ಉಪ್ಪು ಗಾಳಿಯಲ್ಲೇ ಬರುತ್ತದೆ. ಕಾರವಾರದಾಚೆ ಗೋವಾದಲ್ಲಿ 1970ರಲ್ಲಿ ತೆರೆದ ಮಾಂಡೋವಿ ಸೇತುವೆ 1986ರ ಜುಲೈ 5ರಂದು ಕುಸಿದದ್ದು ಒಳಗಿನ ಉಕ್ಕಿನ ಕೇಬಲ್ಲುಗಳು ತುಕ್ಕು ತಿಂದದ್ದರಿಂದ. ಕಡಲ ಗಾಳಿಗೆ ಒಡ್ಡಿದ ಕಾಂಕ್ರೀಟಿಗೆ ಐಎಸ್ 456 ಕನಿಷ್ಠ ಎಂ-30 ದರ್ಜೆಯನ್ನೂ 45 ಮಿ.ಮೀ. ಕವರನ್ನೂ ಕೇಳುತ್ತದೆ. ಅಷ್ಟನ್ನು ಮಾಡಿದ ಮೇಲೆ, ಜೊತೆಗೆ ಲೇಪದ ಸರಳು ಬೇಕೆನಿಸಿದರೆ, ಬಗ್ಗಿಸುವ ಯಂತ್ರದಿಂದ ಹಿಡಿದು ಗೀರಿಗೆ ಹಚ್ಚುವ ಡಬ್ಬಿಯವರೆಗೆ ಎಲ್ಲ ಏರ್ಪಾಟೂ ಇರುವ ಕಂಟ್ರಾಕ್ಟರರಿಂದಲೇ ಮಾಡಿಸಬೇಕು. ಸತು ಲೇಪಿಸಿದ ಸರಳುಗಳಿವೆ. ತಮಿಳುನಾಡಿನ ಕಾರೈಕುಡಿಯ ಕೇಂದ್ರೀಯ ವಿದ್ಯುತ್ ರಾಸಾಯನಿಕ ಸಂಶೋಧನಾ ಸಂಸ್ಥೆ ರೂಪಿಸಿದ ಸಿಮೆಂಟು-ಪಾಲಿಮರ್ ಲೇಪವೂ ಇದೆ. ಯಾವುದನ್ನು ಆರಿಸಿದರೂ ತೆಳ್ಳಗಿನ ಹೊದಿಕೆ, ಸೋರುವ ಕಾಂಕ್ರೀಟಿಗೆ ಅದು ಪರ್ಯಾಯವಾಗದು.

ಕೂಡ್ಲಿಗಿಯ ಮನೆ ಏನಾಯಿತೆಂದು ಕೇಳುವವರಿದ್ದಾರೆ. ಬಿದ್ದ ಜಾಗಕ್ಕೆ ಸಿಮೆಂಟು ಮೆತ್ತಿ ಸುಣ್ಣ ಹೊಡೆದರೆ ಆಯಿತು ಎಂದವರೇ ಹೆಚ್ಚು. ಒಳಗಿನ ಉಪ್ಪು, ತುಕ್ಕು ಹಾಗೇ ಇರುವಾಗ ಮೆತ್ತಿದ್ದು ಇನ್ನೊಂದು ದಿನ ಇನ್ಯಾರದೋ ತಲೆಗೆ ಬೀಳುತ್ತದೆ. ಮೊದಲು ಮಾಳಿಗೆಯ ಕರಲನ್ನು ಪೂರ್ತಿ ಇಳಿಸಿದೆವು, ಹತ್ತಾರು ಟ್ರ್ಯಾಕ್ಟರ್. ಇಂಜಿನಿಯರರು ಸುತ್ತಿಗೆಯಿಂದ ತಟ್ಟುತ್ತಾ ಬಂದರು. ಟೊಳ್ಳು ಸದ್ದು ಬಂದಲ್ಲೆಲ್ಲ ಕೆತ್ತಿಸಿ, ಸರಳಿನ ಹಿಂಬದಿಯವರೆಗೂ ಬಿಡಿಸಿ, ಹೊಳೆಯುವ ತನಕ ಉಜ್ಜಿಸಿ, ಸವೆದ ಕಡೆ ಹೊಸ ಸರಳು ಕಟ್ಟಿಸಿ, ರಿಪೇರಿಗೆಂದೇ ಬರುವ ಗಾರೆ ತುಂಬಿಸಿದರು. ನಡುಮನೆ ಉಳಿಯಿತು. ಹಿಂದಿನ ಎರಡು ಕೋಣೆಯ ಸ್ಲ್ಯಾಬು ಉಳಿಸುವಂತಿರಲಿಲ್ಲ, ಒಡೆಸಿ ತಗಡು ಹಾಕಿದ್ದಾರೆ. ಅಮ್ಮಿಗೆ ಮಳೆ ಬಂದಾಗ ಅದರ ಸದ್ದು ಸೇರುವುದಿಲ್ಲ, ಆದರೂ ಈಗ ಅಲ್ಲೇ ಮಲಗುತ್ತಾರೆ.

ನಮ್ಮ ಮನೆಯವರು 2024ರಲ್ಲಿ ಊರಿಗೇ ಬಂದರು. ಬಂದ ಮರುದಿನ ಮಾಳಿಗೆ ಹತ್ತಿ ಅವರು ಮೊದಲು ನೋಡಿದ್ದು ಮೇಲಿನ ಮಹಡಿಗೆಂದು ಬಿಟ್ಟಿದ್ದ ಕಂಬದ ಸರಳುಗಳನ್ನು. ಹಳ್ಳಿ ಪೇಟೆ ಎಲ್ಲೇ ನೋಡಿದರೂ ಮನೆಗಳ ತಲೆಯ ಮೇಲೆ ಹೀಗೆ ಸರಳುಗಳು ಎದ್ದು ನಿಂತು ವರ್ಷಗಟ್ಟಲೆ ಮಳೆ ಬಿಸಿಲಿಗೆ ತುಕ್ಕು ತಿನ್ನುತ್ತಿರುತ್ತವೆ. ಅದು ಬುಡದಲ್ಲಿ ಕಂಬದೊಳಕ್ಕೂ ಇಳಿಯುತ್ತದೆ. ಅವರು ಒಂದೊಂದನ್ನೂ ಉಜ್ಜಿ, ಸಿಮೆಂಟಿನ ಗಂಜಿ ಹಚ್ಚಿ, ಸುತ್ತ ಇಟ್ಟಿಗೆ ಕಟ್ಟಿ ತೆಳು ಕಾಂಕ್ರೀಟು ತುಂಬಿ ಮುಚ್ಚಿದರು. ಮಗನಿಗೆ ಮದುವೆಯಾಗಿ ಮೇಲೆ ಕಟ್ಟುವ ಕಾಲ ಬಂದಾಗ ಒಡೆದರಾಯಿತು.